ಎಲ್ಲ ಕುರ್ಚಿಯಲ್ಲೂ ಬಾಳಮ್ಮ

ನಮ್ಮ ಸಹಕಾರಿ ಬ್ಯಾಂಕಿನ ಕಂಪ್ಯೂಟರ್ ಕಲ್ಮೇಶ ಅರ್ಧ ಆಯುಷ್ಯವನ್ನು ಬಸ್ಸಿನಲ್ಲಿ ಕಳೆದವನು. ಹೊಸ ಸಾಫ್ಟ್‌ವೇರ್ ಬಂತೆಂದರೆ ಸಿಡಿಯನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಇಂಡಿ ಪಟ್ಟಣದ ಮುಖ್ಯ ಕಚೇರಿಯಿಂದ ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ ಶಾಖೆಗಳನ್ನು ಸುತ್ತುತ್ತಿದ್ದ. ಈ ತಿರುಗಾಟದಲ್ಲಿ ಗೊಳಸಂಗಿಗೆ ಹೆಣ್ಣು ನೋಡಲು ಹೋಗುವುದು ಎರಡು ಸಲ ತಪ್ಪಿತ್ತು. "ಈ ಶನಿವಾರ ಸಂಜಿಕಿ ಬರದಿದ್ರ ಮತ್ತ ಬರೂದು ಬ್ಯಾಡ" ಎಂದು ಹುಡುಗಿಯ ತಂದೆ ಶ್ರೀಶೈಲಪ್ಪ ಹೇಳಿ ಕಳಿಸಿದ್ದರು.

ಅದೇ ಶನಿವಾರ ಹೊಸ ಸಾಫ್ಟ್‌ವೇರ್ ಹಾಕಬೇಕಿತ್ತು. ಆಗಷ್ಟೇ, ೨೦೦೬ರಲ್ಲಿ, ಶಾಖೆಗಳೆಲ್ಲ ಒಂದೇ ಜಾಲಕ್ಕೆ ಸೇರಿದ್ದವು. ಕಲ್ಮೇಶ ಇಂಡಿಯಲ್ಲೇ ಕುಳಿತು, ಕಂಪ್ಯೂಟರುಗಳಿಗೆ ಅಪ್ಪಣೆ ಕೊಡುವ ಸ್ಕ್ರಿಪ್ಟ್ ಬರೆದ. ಬೆಳಿಗ್ಗೆ ಯಾರು ಲಾಗಿನ್ ಆಗುತ್ತಾರೋ ಅವರ ಹುದ್ದೆಯ ಗುಂಪು ನೋಡಿ, ಕ್ಯಾಶಿಯರಿಗೆ ಕ್ಯಾಶಿಯರಿನದು, ಮ್ಯಾನೇಜರಿಗೆ ಮ್ಯಾನೇಜರಿನದು ತಾನೇ ಹೋಗಿ ಕೂರಬೇಕು.

ಉಳಿದ ಕಡೆ ಕೂತಿತು. ಸಿಂದಗಿಯಲ್ಲಿ, ಅಂದರೆ ನಾನು ಮ್ಯಾನೇಜರ್ ಎನಿಸಿಕೊಂಡಿದ್ದಲ್ಲಿ, ನನ್ನ ಪರದೆಯ ಮೇಲೆ ಕ್ಯಾಶ್ ಕೌಂಟರ್ ತೆರೆದುಕೊಂಡಿತು. ಅಷ್ಟರಲ್ಲಿ ಕಲ್ಮೇಶನ ಫೋನು.

"ಸರ, ನಿಮ್ಮಲ್ಲಿ ಕ್ಯಾಶಿಯರ್ ಎಷ್ಟು ಮಂದಿ ಅದಾರ್ರಿ?"

"ಒಬ್ಬರ ಅದಾರಪಾ, ನಮ್ಮ ಬಾಳಮ್ಮ."

"ನನಗಿಲ್ಲಿ ಎಲ್ಲಾ ಕುರ್ಚಿ ಮ್ಯಾಲೂ ಬಾಳಮ್ಮನ ಕುಂತಂಗ ಕಾಣಾಕತ್ತೈತ್ರಿ!"

ಕಾಣದೇನು? ನಮ್ಮಲ್ಲಿ ಮೊದಲು ಬರುವವರು ಬಾಳಮ್ಮ. ಕಸ ಹೊಡೆಸಿ, ಊದಿನಕಡ್ಡಿ ಹಚ್ಚಿ, ಎಲ್ಲ ಕಂಪ್ಯೂಟರುಗಳನ್ನೂ ತಮ್ಮ ಹೆಸರಿನಿಂದಲೇ ತೆರೆದಿಡುತ್ತಿದ್ದರು, ಮನೆಯಲ್ಲಿ ಮೊದಲು ಎದ್ದವರು ಎಲ್ಲರಿಗೂ ಚಹಾ ಇಟ್ಟಂತೆ.

"ಎಲ್ಲಾರೂ ನಿಮ್ಮ ನಿಮ್ಮ ಹೆಸರ್ಲೆ ಒಳಗ ಬರ್ರಿ" ಎಂದ ಕಲ್ಮೇಶ. ಪಾಸ್‌ವರ್ಡ್ ಯಾರಿಗೆ ನೆನಪಿತ್ತು? ನಾನು ಹೆಂಡತಿಯ ಹೆಸರು, ಮಗನ ಹೆಸರು, ಎಮ್ಮೆಯ ಹೆಸರು ಒತ್ತಿ ನೋಡಿದೆ. ಯಂತ್ರ ಮೂವರನ್ನೂ ಒಪ್ಪದೆ ನನ್ನನ್ನೇ ಹೊರಗೆ ಹಾಕಿತು.

"ಸಿಂದಗಿ ಬಸ್ ಹಿಡೀಲೇನ್ರಿ?" ಎಂದ ಕಲ್ಮೇಶ. ಹಿಡಿದರೆ ಸಂಜೆಯ ಗೊಳಸಂಗಿ ಮೂರನೇ ಸಲವೂ ತಪ್ಪುತ್ತಿತ್ತು.

ಬಾಳಮ್ಮ ಫೋನು ಕಸಿದುಕೊಂಡರು. "ಏ ತಮ್ಮಾ, ಈಗ ಬಸ್ ಹತ್ತಿದ್ಯಂದ್ರ ಜಲಮ ಪೂರ್ತಿ ನನ್ನ ಹೆಸರ ನೋಡಕೋತ ಕುಂದ್ರು, ಹೆಂಡ್ತಿ ಹೆಸರು ಸಿಗಂಗಿಲ್ಲ!"

ಆ ಕಡೆ ಕೀಲಿಮಣೆಯ ಟಕಟಕ ಸದ್ದು. ಆಮೇಲೆ, "ತಡೀರಿ ಅಕ್ಕಾರ. ಕುಂತವರನ್ನ ಬಿಡ್ತೇನಿ, ಮಿಷನ್ ಹಿಡೀತೇನಿ." ಒಂದೊಂದು ಕಂಪ್ಯೂಟರಿಗೂ ಅವನೇ ಇಟ್ಟ ಹೆಸರಿತ್ತು. ಅವುಗಳನ್ನೇ ಗುಂಪು ಮಾಡಿ, ಯಾರ ಹೆಸರಿನಿಂದ ತೆರೆದರೂ ಆಯಾ ಮೇಜಿನದು ಬಂದು ಕೂರುವಂತೆ ಸ್ಕ್ರಿಪ್ಟ್ ತಿದ್ದಿದ. ಕಂಪ್ಯೂಟರುಗಳನ್ನು ಆರಿಸಿ ಮತ್ತೆ ಹಚ್ಚಿದೆವು. ನಾನು ಮ್ಯಾನೇಜರೆಂದು ನನ್ನ ಮೇಜಿಗಾದರೂ ಗೊತ್ತಾಯಿತು.

ಸಂಜೆ ಗೊಳಸಂಗಿಯಲ್ಲಿ ಹುಡುಗನ ಕಡೆಯ ಹಿರಿಯನಾಗಿ ನಾನೂ ಕುಳಿತಿದ್ದೆ. ಹುಡುಗಿ ವಿಜಯಶ್ರೀ ಅವಲಕ್ಕಿ ಕೊಟ್ಟು ನೇರವಾಗಿ ಕೇಳಿದಳು:

"ಈಗೂ ಬಸ್ಸಿನ್ಯಾಗ ತಿರಗತೀರೇನ್ರಿ?"

"ಇಲ್ರಿ. ಇನ್ನ ಎಲ್ಲಾ ಕೆಲಸ ಕುಂತಲ್ಲೇ."

"ಮದುವಿಗರ ಎದ್ದು ಬರ್ತೀರೋ ಇಲ್ಲೋ?"

ಶ್ರೀಶೈಲಪ್ಪನವರೇ ಮೊದಲು ನಕ್ಕರು. ಅವಲಕ್ಕಿ ಗಂಟಲಿಗೆ ಸಿಕ್ಕಿ ಮಾತು ಹೊರಡದ ಕಲ್ಮೇಶ, ಕಣ್ಣಲ್ಲಿ ನೀರು ತುಂಬಿಕೊಂಡು ಬರುತ್ತೇನೆಂದು ಜೋರಾಗಿ ತಲೆಯಾಡಿಸಿದ.