ಕೊಟ್ರಪ್ಪ ಮೇಷ್ಟ್ರನ್ನು ಇಂಗ್ಲಿಷಿನಲ್ಲಿ ಪರಿಚಯಿಸಿದ್ದು

ಕೂಡ್ಲಿಗಿಯಲ್ಲಿ ನಡೆದ ಇಂಗ್ಲಿಷ್ ತರಬೇತಿಯ ಮೊದಲ ದಿನವೇ ಚೀಟಿ ಎತ್ತಿಸಿದರು. ನನಗೆ ಜೋಡಿಯಾಗಿ ಬಂದವರು ಕೊಟ್ರಪ್ಪ ಮೇಷ್ಟ್ರು.

ನಾವಿಬ್ಬರೂ ಕೊಟ್ಟೂರು ಕಡೆಯ ಒಂದೇ ಶಾಲೆಯಲ್ಲಿ ಪಾಠ ಮಾಡುವವರು. ನನಗೆ ಆರನೇ ಕ್ಲಾಸು, ಅವರಿಗೆ ಏಳನೇ ಕ್ಲಾಸು. ಮಾತು ಬಿಟ್ಟು ಎರಡು ವರ್ಷವಾಗಿತ್ತು.

ನಾನು ಹೆರಿಗೆ ರಜೆಯಲ್ಲಿದ್ದಾಗ ಅವರ ಕೋಣೆಯ ಚಾವಣಿಯಿಂದ ಗಾರೆ ಉದುರಿತ್ತು. ಅವರು ತಮ್ಮ ಮಕ್ಕಳನ್ನು ಕರೆದುಕೊಂಡು ನನ್ನ ಕೋಣೆಗೆ ಬಂದುಬಿಟ್ಟರು. ನಾನು ವಾಪಸ್ ಬಂದಾಗ ನನ್ನ ಕ್ಲಾಸು ವರಾಂಡದಲ್ಲಿತ್ತು.

ಅವರು ಒಂದು ಮಾತೂ ಹೇಳಲಿಲ್ಲ. ನಾನೂ ಕೇಳಲಿಲ್ಲ...

ಆಮೇಲೆ ಸೀಮೆಸುಣ್ಣ ಬೇಕಾದರೂ ಮಕ್ಕಳ ಕೈಲೇ ಹೇಳಿ ಕಳಿಸುತ್ತಿದ್ದೆವು.

ತರಬೇತಿಯಲ್ಲಿ ಜೋಡಿಯವರ ಜೊತೆ ಸ್ವಲ್ಪ ಹೊತ್ತು ಇಂಗ್ಲಿಷಿನಲ್ಲಿ ಮಾತಾಡಬೇಕಿತ್ತು. ನಂತರ ಅವರನ್ನು ಇಂಗ್ಲಿಷಿನಲ್ಲೇ ಎಲ್ಲರಿಗೂ ಪರಿಚಯಿಸಬೇಕಿತ್ತು.

ಸುತ್ತ ಎಲ್ಲರೂ "ವಾಟ್ ಈಸ್ ಯುವರ್ ನೇಮ್" ಅನ್ನುತ್ತಿದ್ದಾರೆ. ಮೇಷ್ಟ್ರು ಕನ್ನಡಕ ಒರೆಸುತ್ತಿದ್ದಾರೆ. ನಾನು ಗೋಡೆಯ ಮೇಲಿನ ಚಾರ್ಟ್ ಓದುತ್ತಿದ್ದೇನೆ.

"ಮಾತಾಡ್ರಿ ಸರ್, ಟೈಮ್ ಆಗಾಕತ್ತೈತಿ," ಅಂದರು ತರಬೇತಿ ಕೊಡಲು ಬಂದಿದ್ದ ಮೇಡಂ.

"ನಂದು ಆಗೈತ್ರಿ," ಅಂದರು ಮೇಷ್ಟ್ರು.

ಮೊದಲು ಅವರನ್ನೇ ಕರೆದರು. ಎದ್ದು ನಿಂತು, ಕಿಟಕಿ ಕಡೆ ನೋಡುತ್ತ ಶುರು ಮಾಡಿದರು.

"ಶೀ ಈಸ್ ಗಿರಿಜಾ ಮೇಡಂ. ಡಾಟರ್ ಸ್ಮಾಲ್. ಬ್ರೀದಿಂಗ್ ಪ್ರಾಬ್ಲಮ್. ದಟ್ ಡೇ ಮೇಡಂ ಕಮಿಂಗ್ ಲೇಟ್. ಐ ಟೇಕ್ ಹರ್ ಕ್ಲಾಸ್. ನೋ ಪ್ರಾಬ್ಲಮ್."

ಅಷ್ಟು ಹೇಳಿ ಕೂತರು.

ಮಗಳಿಗೆ ಉಬ್ಬಸ ಬಂದ ದಿನ ನಾನು ಎರಡನೇ ಬಸ್ಸಿಗೆ ಬರುತ್ತಿದ್ದೆ. ಮೊದಲೇ ತಿಳಿಸೋಣವೆಂದರೆ ಶಾಲೆಯಲ್ಲಿ ಫೋನ್ ಇರಲಿಲ್ಲ. ಬಂದು ನೋಡಿದರೆ ಬೋರ್ಡ್ ಮೇಲೆ ಲೆಕ್ಕ ಇರುತ್ತಿತ್ತು, ಮಕ್ಕಳು ತೆಪ್ಪಗೆ ಬಿಡಿಸುತ್ತಿರುತ್ತಿದ್ದರು.

ಅದೆಲ್ಲ ಕ್ಲಾಸ್ ಲೀಡರ್ ಹುಡುಗಿಯ ಕೆಲಸ ಅಂದುಕೊಂಡಿದ್ದೆ. ಒಮ್ಮೆ ಪ್ರಾರ್ಥನೆ ಹೊತ್ತಿನಲ್ಲಿ ಅವಳನ್ನು ಹೊಗಳಿಯೂ ಇದ್ದೆ. ಪಾಪ, ತಲೆ ತಗ್ಗಿಸಿ ನಿಂತಿದ್ದಳು.

ಈಗ ನನ್ನ ಸರದಿ. ಚೀಟಿ ಎತ್ತಿದಾಗಿನಿಂದ ಒಂದೇ ಒಂದು ವಾಕ್ಯ ಜೋಡಿಸಿಟ್ಟುಕೊಂಡಿದ್ದೆ. ಅದನ್ನು ಬಿಡಲು ಮನಸ್ಸಾಗಲಿಲ್ಲ.

"ಹೀ ಈಸ್ ಕೊಟ್ರಪ್ಪ ಸರ್. ಹೀ ಟುಕ್ ಮೈ ರೂಮ್. ಹೀ ಈಸ್ ಎ ಗುಡ್ ಮ್ಯಾನ್."

ಹಾಲಿನಲ್ಲಿದ್ದವರೆಲ್ಲ ತಿರುಗಿ ಮೇಷ್ಟ್ರನ್ನು ನೋಡಿದರು.

"ಮೇಡಂ, ನಡುವ ಒಂದು 'ಬಟ್' ಹಾಕ್ರಿ," ಅಂದರು ತರಬೇತಿಯ ಮೇಡಂ.

ಹಾಕಿದೆ. ಚಪ್ಪಾಳೆ ತಟ್ಟಿಸಿದರು.

ಚಹಾ ಬಿಡುವಿನಲ್ಲಿ ಮೇಷ್ಟ್ರು ಲೋಟ ಹಿಡಿದು ಪಕ್ಕಕ್ಕೆ ಬಂದು ನಿಂತರು.

"ರೂಮು ತಗೊಳ್ಳೋ ಮುಂಚೆ ನಿಮ್ಮನ್ನ ಕೇಳಬೇಕಿತ್ರಿ."

"ಹೌದ್ರಿ, ಕೇಳಬೇಕಿತ್ತು," ಅಂದೆ.

ಒಂದು ಗುಟುಕು ಚಹಾ ಕುಡಿದು, "ಮಗಳು ಈಗ ಹೆಂಗ ಅದಾಳ್ರಿ?" ಅಂದರು.

ಎರಡು ವರ್ಷದಲ್ಲಿ ಶಾಲೆಯ ಕಡೆಯಿಂದ ಯಾರೂ ಅದನ್ನು ಕೇಳಿರಲಿಲ್ಲ. ಉತ್ತರ ಹೇಳಲು ಹೋದರೆ ಅಳು ಬಂತು. ಮೇಷ್ಟ್ರು ನನ್ನ ಕೈಯಲ್ಲಿದ್ದ ಲೋಟ ಇಸಿದುಕೊಂಡು, ಎರಡೂ ಲೋಟ ಹಿಡಿದು ನಿಂತರು.

ಮುಂದಿನ ವಾರದಿಂದ ಒಂದೇ ಕೋಣೆಯಲ್ಲಿ ಎರಡೂ ಕ್ಲಾಸು. ಆರನೆಯವರ ಮುಖ ಈ ಗೋಡೆಗೆ, ಏಳನೆಯವರ ಮುಖ ಆ ಗೋಡೆಗೆ. ಅವರು ಇತಿಹಾಸ ಹೇಳುವಾಗ ನನ್ನ ಮಕ್ಕಳೆಲ್ಲ ಆ ಕಡೆ ತಿರುಗಿ ಕೂರುತ್ತಿದ್ದರು. ನಾನೂ ತಡೆಯುತ್ತಿರಲಿಲ್ಲ.

ಆ ಇಂಗ್ಲಿಷ್ ತರಬೇತಿಯಲ್ಲಿ ನಾವಿಬ್ಬರೂ ಕಲಿತು ಬಂದದ್ದು, ಒಬ್ಬರ ಜೊತೆ ಒಬ್ಬರು ಕನ್ನಡದಲ್ಲಿ ಮಾತಾಡುವುದನ್ನು.