ನೆಲ ಗುಡಿಸುವ ತೋಳು

ದರ್ಜಿ ಅಂಗಡಿಯ ಸೊಸೆಗೆ ಬೀದಿಯವರು ಇಟ್ಟ ಹೆಸರು ಅಲ್ಪವಿರಾಮದಕ್ಕ. ಗಿರಾಕಿಗಳಿಗೆಲ್ಲ ಅವಳದು ಒಂದೇ ಮಾತು: "ಅಳತೆ ಮೊಬೈಲಲ್ಲಿ ಕಳಿಸಿ. ಎದೆ, ತೋಳು, ಉದ್ದ. ನಡುವೆ ಅಲ್ಪವಿರಾಮ ಮರೀಬೇಡಿ!" ಅವಳೇ ಪೈಥಾನ್‌ನಲ್ಲಿ ಬರೆದ ಪುಟ್ಟ ಕಂಪ್ಯೂಟರ್ ಸ್ಕ್ರಿಪ್ಟು ಆ ಸಾಲಿನಿಂದ ಅಂಕಿಗಳನ್ನು ಹೆಕ್ಕಿ, ಮೊದಲನೆಯದು ಎದೆ, ಎರಡನೆಯದು ತೋಳು, ಮೂರನೆಯದು ಉದ್ದ ಎಂದು ಚೀಟಿ ಅಚ್ಚು ಹಾಕುತ್ತಿತ್ತು.

ಕತ್ತರಿ ಮಾತ್ರ ಮಾವನ ಕೈಯಲ್ಲಿ. "ಒಂದು ತುಂಡು ಬಟ್ಟೆ ಕೆಟ್ರೂ ನಿನ್ನ ಕಂಪ್ಯೂಟರು ಅಟ್ಟಕ್ಕೇ" ಎಂದು ಮೊದಲೇ ಎಚ್ಚರಿಸಿದ್ದರು. ಆಸೆಪಟ್ಟು ಕಲಿತ ವಿದ್ಯೆ ಎಲ್ಲಿ ಅಟ್ಟದ ಧೂಳು ತಿನ್ನುತ್ತದೋ ಎಂಬ ಅಳುಕು ಅವಳಿಗೆ.

ಒಂದು ದಿನ ಬೇಕರಿಯಾಕೆ ಕೋಟು ಹೊಲಿಸಲು ಅಳತೆ ಕಳಿಸಿದಳು. ಬಾಯಿ ಸುಮ್ಮನಿರದ ಹೆಂಗಸು, ಬರವಣಿಗೆಯೂ ಹಾಗೇ: "ನಮ್ಮ ಬೇಕರಿಗೆ 50 ವರ್ಷ ತುಂಬ್ತು ಕಣೇ, ಎದೆ 38, ತೋಳು 22, ಉದ್ದ 30."

ಮಾವ ಯಾವ ಉಡುಪನ್ನಾದರೂ ಮೊದಲು ಹಳೇ ಪೇಪರಿನಲ್ಲಿ ಕತ್ತರಿಸಿ, ಮೊಳೆಗೆ ತೂಗುಹಾಕಿ ನೋಡುವವರು. ಅಂದೂ ತೂಗುಹಾಕಿ ಕೂಗಿದರು: "ಸೊಸೇ, ಬಾ ಇಲ್ಲಿ! ಕೋಟು ಸೊಂಟ ಮುಟ್ಟಲ್ಲ, ತೋಳು ನೆಲ ಗುಡಿಸುತ್ತೆ. ಬೇಕರಿಯಮ್ಮ ಮರ ಹತ್ತೋಕೆ ಹೊರಟಿದಾಳಾ?"

ಅವಳು ಓಡಿಬಂದಳು. ಮೆಸೇಜು ತೆರೆದು ನೋಡಿದರೆ, ಬೇಕರಿಯ ವಯಸ್ಸೇ ಎದೆಯ ಅಳತೆಯಾಗಿ, ಉಳಿದವೆಲ್ಲ ಒಂದೊಂದು ಮನೆ ಪಕ್ಕಕ್ಕೆ ಸರಿದಿವೆ.

"ಮಾವ, ಕೆಟ್ಟಿದ್ದು ಪೇಪರು. ಬಟ್ಟೆ ಅಲ್ಲ!"

"ಸರಿ, ಸಂಜೆವರೆಗೆ ಟೈಮು. ನಾನೇ ಪರೀಕ್ಷೆ ಮಾಡ್ತೀನಿ."

ಅವಳು ಅಂಕಿಗಳ ಸರದಿ ನಂಬುವುದನ್ನೇ ಬಿಟ್ಟು, ಸ್ಕ್ರಿಪ್ಟಿಗೆ ಹೊಸ ಅಪ್ಪಣೆ ಬರೆದಳು: 'ಎದೆ' ಎಂಬ ಹೆಸರು ಹುಡುಕು, ಅದರ ಬೆನ್ನಿಗಿರುವ ಅಂಕಿ ಹಿಡಿ. ತೋಳಿಗೂ ಉದ್ದಕ್ಕೂ ಹಾಗೇ. ಯಾವುದಾದರೂ ಸಿಗದಿದ್ದರೆ ಚೀಟಿ ಕೊಡಬೇಡ, ಕಳಿಸಿದವರನ್ನೇ ಕೇಳು.

ಸಂಜೆ ಮಾವ ಮೂಲೆಯಲ್ಲಿ ಕುಳಿತು, ಮೀಸೆಯಡಿ ನಗುತ್ತಾ ಒತ್ತಿದರು: "ವಯಸ್ಸು 71, ಉದ್ದ 31, ಹಲ್ಲು 9, ತೋಳು 24."

ಅವರ ಮೊಬೈಲು ಟಿಣ್ ಎಂದಿತು: "ಎದೆ ಅಳತೆ ಬಂದಿಲ್ಲ. ದಯವಿಟ್ಟು ತಿಳಿಸಿ."

"ಅರೆರೆ! ಹಲ್ಲಿಗೆ ಮರುಳಾಗ್ಲಿಲ್ಲವಲ್ಲೇ ಇದು!" ಮಾವ ಎದ್ದು ತಮ್ಮೆದೆಗೆ ತಾವೇ ಟೇಪು ಸುತ್ತಿ ಅಳತೆ ಕಳಿಸಿದರು. ಚೀಟಿ ಹೊರಬಂತು, ಒಂದೂ ತಪ್ಪಿಲ್ಲ.

"ಕಂಪ್ಯೂಟರು ಇಲ್ಲೇ ಇರ್ಲಿ ಬಿಡು" ಎಂದವರು ಚೀಟಿ ಹರಿಯಲು ಹೋದರು. ಸೊಸೆ ಕಸಿದುಕೊಂಡಳು.

"ಊರಿಗೆಲ್ಲ ಕೋಟು ಹೊಲಿದವರಿಗೆ ಸ್ವಂತದ್ದೊಂದಿದೆಯಾ, ಮಾವ? ಪೇಪರು ತಗೊಳ್ಳಿ, ಕತ್ತರಿಸಿ!"