ಎಣ್ಣೆ ಪುಸ್ತಕದ ಹಿಂದಿನ ಪುಟಗಳು

ನವೆಂಬರ್ ೧೮, ಮಂಗಳವಾರ, ಬೆಳಿಗ್ಗೆ ೭ ಗಂಟೆ ೪೦ ನಿಮಿಷ. ಚಹಾ ಸೋಸುತ್ತಿದ್ದ ವೈನಿ ಕೈ ನಿಲ್ಲಿಸಿದರು. ನನ್ನ ಕಡೆ ನೋಡದೆ, "ನಂಗ ಇರೂದ ಬ್ಯಾಡ ಆಗೇತಿ," ಅಂದರು. ಆಮೇಲೆ ಉಳಿದದ್ದನ್ನೂ ಸೋಸಿ ಎಲ್ಲರಿಗೂ ಚಹಾ ಕೊಟ್ಟರು.

ವೈನಿ ಅಂದರೆ ನನ್ನ ಅಣ್ಣನ ಹೆಂಡತಿ. ತವರು ನಿಪ್ಪಾಣಿ ಕಡೆಯ ಅಕ್ಕೋಳ. ನಮ್ಮದು ಕಾಗವಾಡ ತಾಲೂಕಿನ ಹಳ್ಳಿ, ಮೂರು ಎಕರೆ ದ್ರಾಕ್ಷಿ. ಅದಕ್ಕೆ ಹದಿನೈದು ದಿನ ಮೊದಲು, ನವೆಂಬರ್ ೩ರಂದು, ತವರಿಗೆ ಹೋಗಿದ್ದ ವೈನಿ ತಮ್ಮ ತಂದೆಯನ್ನು ಸ್ಕೂಟಿಯ ಹಿಂದೆ ಕೂರಿಸಿಕೊಂಡು ಚಿಕ್ಕೋಡಿಯ ಕಣ್ಣಿನ ಡಾಕ್ಟರರ ಹತ್ತಿರ ಹೊರಟಿದ್ದರು. ಟ್ರೇಲರಿನಿಂದ ರಸ್ತೆಗೆ ಬಿದ್ದಿದ್ದ ಕಬ್ಬಿನ ಮೇಲೆ ಚಕ್ರ ಜಾರಿತು. ವೈನಿಯ ಮೊಣಕೈ ತರಚಿತು. ಅವರ ತಂದೆ ಉಳಿಯಲಿಲ್ಲ. ಹದಿಮೂರನೆಯ ದಿನದ ಕಾರ್ಯ ಮುಗಿಸಿ ಅವರು ನಮ್ಮ ಮನೆಗೆ ವಾಪಸು ಬಂದು ಎರಡೇ ದಿನವಾಗಿತ್ತು.

ಅಣ್ಣನಿಗೆ ಹೇಳಿದೆ. "ದುಃಖದಾಗ ಹಂಗ ಅಂತಾರ ಬೇ," ಅಂದ. ಅವ್ವನಿಗೆ ಹೇಳಿದೆ. ಅವ್ವ ಬಾಗಿಲ ಕಡೆ ನೋಡಿ, "ಮೆಲ್ಲಕ ಮಾತಾಡು," ಅಂದಳು. ನಾನು ಊರಿನ ಆಶಾ ಕಾರ್ಯಕರ್ತೆಯ ಮನೆಗೆ ಹೋದೆ. ಅವರು ಅಥಣಿಯಲ್ಲಿ ಕುಳಿತುಕೊಳ್ಳುವ ಒಬ್ಬ ಸಮಾಲೋಚಕಿಯ ನಂಬರು ಕೊಟ್ಟರು. ಫೋನ್ ಮಾಡಿದಾಗ ಆ ಮೇಡಂ ಅದೇ ದಿನ ಮಧ್ಯಾಹ್ನ ಮೂರಕ್ಕೆ ಬರಲು ಹೇಳಿದರು. ಅಣ್ಣ ಗೊಣಗುತ್ತಲೇ ವೈನಿಯನ್ನು ಬೈಕಿನಲ್ಲಿ ಕರೆದುಕೊಂಡು ಹೊರಟ. ನಾನು ಬಸ್ಸಿನಲ್ಲಿ ಹಿಂದೆ ಹೋದೆ.

ಮೊದಲ ಭೇಟಿ. ವೈನಿಯ ಜೊತೆ ಮೇಡಂ ನಲವತ್ತು ನಿಮಿಷ ಮಾತಾಡಿದರು. ಆಮೇಲೆ ನಮ್ಮನ್ನು ಒಳಗೆ ಕರೆದರು.

"ಇದು ವರ್ಷಗಟ್ಟಲೆ ನಡಿಯೂದಲ್ರಿ. ಆರು ಸಲ ಬರ್ರಿ. ಹಳೀದೆಲ್ಲಾ ಕೆದಕಾಕ ಹೋಗೂದಿಲ್ಲ. ಈಗಿನ ಹೊತ್ತು ದಾಟಸೂದು ಇಷ್ಟ ನಮ್ಮ ಕೆಲಸ," ಅಂದರು. ಒಂದು ಹಾಳೆಯಲ್ಲಿ ವೈನಿಯೇ ಬರೆದಿದ್ದರು: ಮನಸ್ಸು ಕೆಡುವ ಮೊದಲು ಏನಾಗುತ್ತದೆ, ಆಗ ಏನು ಮಾಡಬೇಕು, ಯಾರನ್ನು ಕರೆಯಬೇಕು. ಯಾರನ್ನು ಅನ್ನುವ ಕಡೆ ಮೊದಲ ಹೆಸರು ನನ್ನದಿತ್ತು.

"ಮನ್ಯಾಗ ಎಣ್ಣಿ ಎಲ್ಲಿ ಇಡ್ತೀರಿ?" ಮೇಡಂ ಅಣ್ಣನನ್ನು ಕೇಳಿದರು. ಬೆಳೆಗೆ ಔಷಧಿ ಸಿಂಪಡಿಸುವುದಕ್ಕೆ ನಮ್ಮ ಕಡೆ ಎಣ್ಣೆ ಹೊಡೆಯುವುದು ಅನ್ನುತ್ತಾರೆ.

"ಶೆಡ್ಡಿನ್ಯಾಗ. ಹಂಗ ಇರ್ತಾವ್ರಿ."

"ಇವತ್ತ ಸಂಜಿಗೆ ಪೆಟಿಗ್ಯಾಗ ಹಾಕಿ ಕೀಲಿ ಹಾಕ್ರಿ. ಕೀಲಿ ನಿಮ್ಮ ಕಿಸೇದಾಗ ಇರಲಿ."

ನನಗೆ ಹೇಳಿದ್ದು ಬೇರೆ. "ಸಂಶಯ ಬಂದ್ರ ಸುತ್ತು ಬಳಸಿ ಕೇಳಬ್ಯಾಡ. ಜೀವ ಕಳಕೋಬೇಕು ಅನಸ್ತೈತೇನು ಅಂತ ಸೀದಾ ಕೇಳು. ಕೇಳಿದ್ರ ಆ ವಿಚಾರ ಹೊಸದಾಗಿ ಬರೂದಿಲ್ಲ. ಎದಿ ಹಗುರ ಆಗ್ತೈತಿ." ಬಸ್ಸಿನಲ್ಲಿ ಆ ವಾಕ್ಯವನ್ನು ಬಾಯಲ್ಲೇ ಹನ್ನೆರಡು ಸಲ ಹೇಳಿಕೊಂಡೆ. ಮನೆ ಮುಟ್ಟಿದ ಮೇಲೆ ಒಂದು ಸಲವೂ ಆಗಲಿಲ್ಲ.

ಆಗದ ಕೆಲಸದ ಬದಲು ನನಗೆ ಬರುವ ಕೆಲಸ ಮಾಡಿದೆ. ಬಿ.ಎಸ್ಸಿ. ಮುಗಿದಾಗಿನಿಂದ ತೋಟದ ಎಣ್ಣೆ ಪುಸ್ತಕ ನನ್ನ ಕೈಯಲ್ಲಿದೆ. ಯಾವ ದಿನ, ಎಷ್ಟು ಗಂಟೆಗೆ, ಯಾವುದನ್ನು ಹೊಡೆದರು, ಎಷ್ಟು ಬಾಟಲಿ ಉಳಿಯಿತು ಎಲ್ಲವೂ ಅದರಲ್ಲಿರುತ್ತದೆ. ಅದನ್ನೇ ತಿರುಗಿಸಿ ಹಿಂದಿನ ಪುಟದಿಂದ ವೈನಿಯದು ಶುರು ಮಾಡಿದೆ. ಎಷ್ಟು ಗಂಟೆಗೆ ಎದ್ದರು, ಎಷ್ಟು ಉಂಡರು, ಎಷ್ಟು ಹೊತ್ತು ಒಬ್ಬರೇ ಇದ್ದರು. ಇನ್ನೊಂದು ಸಾಲಿನಲ್ಲಿ ಮಾತಾಡಿಸಲು ಬಂದವರ ಲೆಕ್ಕ.

ಸಾವಾದ ಮನೆಯವರನ್ನು ಮಾತಾಡಿಸದೆ ಬಿಡುವುದು ನಮ್ಮಲ್ಲಿ ದೊಡ್ಡ ತಪ್ಪು. ರಾಯಬಾಗದಿಂದ, ಹಾರೂಗೇರಿಯಿಂದ, ಚಿಂಚಲಿಯಿಂದ ಬಂದರು. ಎಲ್ಲರೂ ಪ್ರೀತಿಯಿಂದಲೇ ಬಂದವರು, ಎಲ್ಲರೂ ಒಂದೇ ಮಾತು ಕೇಳಿದವರು.

"ಹ್ಯಾಂಗಾತು ಬೇ? ಗಾಡಿ ನೀನ ಹೊಡೀತಿದ್ದೇನು?"

ವೈನಿ ಹೇಳುತ್ತಿದ್ದರು. ತಿರುವು, ಕಬ್ಬು, ಹಿಂದಿನಿಂದ ಅವರ ತಂದೆ "ಸಾವಕಾಶ" ಅಂದದ್ದು. ಬುಧವಾರದಿಂದ ಭಾನುವಾರದವರೆಗಿನ ಐದು ದಿನಗಳಲ್ಲಿ ಹದಿನಾಲ್ಕು ಸಲ ಹೇಳಿದರು. ಶುಕ್ರವಾರ ಎರಡನೆಯ ಭೇಟಿಗೆ ಹೋಗಿ ಬಂದ ಸಂಜೆಯೂ ಮೂವರು ಬಂದು ಕುಳಿತಿದ್ದರು. ಅವರ ಮುಂದೆ ಹೇಳುವಾಗ ವೈನಿಯ ದನಿ ಅಂಗಡಿಯ ಸಾಮಾನಿನ ಪಟ್ಟಿ ಓದುವ ಹಾಗಿತ್ತು.

ಸೋಮವಾರ ನಾನು ಬರೆಯುವಾಗ ವೈನಿ ಹಿಂದೆ ನಿಂತಿದ್ದು ಗೊತ್ತಾಗಲಿಲ್ಲ. ಪುಸ್ತಕ ಎತ್ತಿ ಮುಂದಿನ ಪುಟ ನೋಡಿದರು, ಹಿಂದಿನ ಪುಟ ನೋಡಿದರು.

"ದ್ರಾಕ್ಷಿಗೂ ನಂಗೂ ಒಂದ ಪುಸ್ತಕ ಏನ ತಂಗಿ? ನಂಗ ಯಾವಾಗ ಎಣ್ಣಿ ಹೊಡ್ಯಾವ್ರು?"

ನಗುವ ಹಾಗಿತ್ತು. ನಾನು ನಗಬೇಕೋ ಬೇಡವೋ ತಿಳಿಯದೆ ನಿಂತೆ. ಅವರು ಪುಸ್ತಕ ಇಟ್ಟು ಹೋದರು. ಆ ದಿನ ಉಣ್ಣಲಿಲ್ಲ. ಅದನ್ನೂ ಬರೆದೆ. ಮರುದಿನ ಮೂರನೆಯ ಭೇಟಿ. ಹೋಗುವಾಗ, ಬರುವಾಗ ನನ್ನ ಜೊತೆ ಮಾತಾಡಲಿಲ್ಲ.

ನವೆಂಬರ್ ೨೭, ಗುರುವಾರ, ಬೆಳಿಗ್ಗೆ ೧೧ ಗಂಟೆ ೧೫ ನಿಮಿಷ. ಮಂಜು ಬಿದ್ದಿತ್ತೆಂದು ಅಣ್ಣ ನಸುಕಿನಲ್ಲೇ ಎಣ್ಣೆ ಹೊಡೆದು, ಶೆಡ್ಡಿನ ಲೆಕ್ಕ ನೋಡಿಡು ಎಂದು ಕೀಲಿ ನನ್ನ ಕೈಗಿತ್ತು ಕಾಗವಾಡಕ್ಕೆ ಹೋಗಿದ್ದ. ಅವ್ವ ಓಣಿಯ ಹೆಂಗಸರ ಜೊತೆ ಒಂದು ಸೀಮಂತಕ್ಕೆ ಹೋಗಿದ್ದಳು. ಅಂಗಳದ ಆಚೆ ತೋಟದ ಅಂಚಿಗಿರುವ ಶೆಡ್ಡಿಗೆ ಹೋಗಿ ಪೆಟ್ಟಿಗೆಯ ಕೀಲಿ ತೆಗೆದೆ. ಪುಸ್ತಕದ ಪ್ರಕಾರ, ಆ ನಸುಕಿನಲ್ಲಿ ಹೊಡೆದದ್ದನ್ನು ಕಳೆದರೂ, ಏಳು ಬಾಟಲಿ ಇರಬೇಕು. ಇದ್ದದ್ದು ಆರು.

ಇನ್ನೊಮ್ಮೆ ಎಣಿಸಿದೆ. ಕೆಳಗೆ ಇಟ್ಟು ಮುಟ್ಟಿ ಮುಟ್ಟಿ ಎಣಿಸಿದೆ. ಆರು.

ಅಣ್ಣನಿಗೆ ಫೋನ್ ಮಾಡಿದೆ, ಎತ್ತಲಿಲ್ಲ. ಅವ್ವನಿಗೆ ಮಾಡಿದೆ, ಫೋನು ಒಳಗೆ ಪಡಸಾಲೆಯಲ್ಲೇ ಸದ್ದು ಮಾಡಿತು. ಆಗ ವೈನಿ ಸ್ನಾನಕ್ಕೆ ಹೋಗಿದ್ದ ಬಚ್ಚಲಮನೆಯಲ್ಲಿ ನೀರಿನ ಸದ್ದು ನಿಂತಿರುವುದು ಗಮನಕ್ಕೆ ಬಂತು. ಎಷ್ಟು ಹೊತ್ತಿನಿಂದ ನಿಂತಿತ್ತು? ನಾನು ಬರೆದಿರಲಿಲ್ಲ. ಅಂಗಳ ದಾಟಿ ಓಡಿದೆ. ಬಾಗಿಲು ಒಳಗಿನಿಂದ ಹಾಕಿತ್ತು.

"ವೈನಿ."

ಬಾಗಿಲು ಬಡಿದೆ.

"ವೈನಿ, ಪೆಟಿಗ್ಯಾಗಿಂದು ಒಂದು ಬಾಟ್ಲಿ ಇಲ್ಲರಿ. ನೀವು ತಗೊಂಡೀರೇನು? ಜೀವ ಕಳಕೋಬೇಕು ಅನಸಾಕತ್ತೈತೇನ್ರಿ?"

ಹನ್ನೆರಡು ಸಲ ಹೇಳಿಕೊಂಡಿದ್ದ ವಾಕ್ಯ. ದನಿ ನನ್ನದಲ್ಲದ ಹಾಗೆ ಬಂತು, ಆದರೆ ಬಂತು.

ಚಿಲಕ ತೆಗೆದ ಸದ್ದಾಯಿತು. ವೈನಿ ಒದ್ದೆ ಕೂದಲಲ್ಲಿ, ಸೀರೆ ಉಟ್ಟು ನಿಂತಿದ್ದರು. ಕೈಯಲ್ಲಿ ಟವೆಲ್ ಬಿಟ್ಟು ಬೇರೇನೂ ಇರಲಿಲ್ಲ. ನಾನು ಅವರ ಕೈ ನೋಡಿದ್ದನ್ನು ಅವರು ನೋಡಿದರು.

"ತಗೊಂಡಿಲ್ಲ," ಅಂದರು. ಹೊಸ್ತಿಲ ಮೇಲೆ ಕುಳಿತರು. ನಾನೂ ಕುಳಿತೆ. ವೈನಿ ಟವೆಲ್ ಮಡಿಸಿ ಮಡಿಲಲ್ಲಿ ಇಟ್ಟುಕೊಂಡರು.

"ಐತವಾರ ಹೋಗಿದ್ದೆ ಶೆಡ್ಡಿಗೆ. ಆ ನಾಕ ಮಂದಿ ಬಂದು ಹೋದ ಮ್ಯಾಲ. ಕೀಲಿ ಹಾಕಿತ್ತು. ಕ್ರೇಟಿನ ಮ್ಯಾಲ ಕುಂತ್ನಿ. ಬಾಬಾ ಸಾವಕಾಶ ಅಂದಿದ್ದು ಕೇಳತಿತ್ತು. ಕುಂತು ಕುಂತು ಬ್ಯಾಸರಾತು, ಎದ್ದು ಬಂದ್ನಿ."

"ನನ್ನ ಯಾಕ ಕರೀಲಿಲ್ರಿ?"

"ನೀ ಬರಿಯಾಕತ್ತಿದ್ದಿ."

ಅವರನ್ನು ಪಕ್ಕದಲ್ಲೇ ಕೂರಿಸಿಕೊಂಡು ಮೇಡಂಗೆ ಫೋನ್ ಮಾಡಿದೆ. ಮರುದಿನ ಇದ್ದ ನಾಲ್ಕನೆಯ ಭೇಟಿಯನ್ನು ಅದೇ ದಿನಕ್ಕೆ ತಂದರು, ನಾಲ್ಕು ಗಂಟೆಗೆ. ಅಲ್ಲಿಯವರೆಗೆ ಒಬ್ಬರನ್ನೇ ಬಿಡಬೇಡ ಅಂದರು. ಬಸ್ಸಿಗೆ ಕಾಯುವಾಗ ಆ ಭಾನುವಾರದ ಪುಟ ತೆಗೆದು ನೋಡಿದೆ. ನನ್ನದೇ ಅಕ್ಷರ: "೩:೦೦ ರಿಂದ ೩:೪೦. ತೋಟದ ಕಡೆ ತಿರುಗಾಡಲು ಹೋಗಿದ್ದರು. ಸಮಾಧಾನ."

ಆ ಪದವನ್ನು ನಾನು ಹೊಡೆದು ಹಾಕಿಲ್ಲ. ಇನ್ನೂ ಹಾಗೇ ಇದೆ.

ಸಂಜೆ ಏಳಕ್ಕೆ ಮನೆಗೆ ಬಂದಾಗ, ಫೋನಿನಲ್ಲಿ ನನ್ನಿಂದ ಬಾಟಲಿಯ ವಿಷಯ ತಿಳಿದಿದ್ದ ಅಣ್ಣ ಶೆಡ್ಡನ್ನೆಲ್ಲ ಹುಡುಕಿ ಬಂದು ಕಟ್ಟೆಯ ಮೇಲೆ ಕುಳಿತಿದ್ದ. ಅವ್ವ ಎಲೆ ಅಡಿಕೆಯ ಚಂಚಿಯನ್ನು ಬಿಚ್ಚುತ್ತ ಕಟ್ಟುತ್ತ ಇದ್ದಳು.

"ಬಾಜೂ ತೋಟದಾಂವಗ ನಾನ ಕೊಟ್ನಿ," ಅಂದಳು. "ಬುಧವಾರ. ಮಂಜ ಬಿದ್ದೈತಿ, ನಮ್ಮದು ಮುಗದೈತಿ, ನಾಳಿ ಕೊಡತೀನಿ ಅಂದ. ಇಲ್ಲ ಅನ್ನಾಕ ಬರತೈತೇನ?"

ಅದು ನಿಜ. ದ್ರಾಕ್ಷಿಯ ಕಾಲದಲ್ಲಿ ಒಬ್ಬರ ಎಣ್ಣೆ ಇನ್ನೊಬ್ಬರ ತೋಟಕ್ಕೆ ಹೋಗುತ್ತದೆ, ಬರುತ್ತದೆ. ಯಾರೂ ಇಲ್ಲ ಅನ್ನುವುದಿಲ್ಲ.

"ಕೀಲಿ ಎಲ್ಲಿಂದ ಬಂತು?" ಅಣ್ಣ ಕೇಳಿದ.

"ನಿನ್ನ ಅಂಗಿ ಗೂಟಕ್ಕಿತ್ತು. ಆಂವ ಎರಡೂ ತ್ವಾಟದ ನಡು ಬಾಂದಿಗಿ ನಿಂತಿದ್ದ. ಶೆಡ್ಡಿಗೆ ಬಂದು ಕೀಲಿ ನೋಡಿದ್ರ ಯಾಕ ಹಾಕೀರಿ ಅಂತ ಕೇಳತಿದ್ದ. ಅದಕ್ಕ ಓಡಿ ಹೋಗಿ ತಗದ್ನಿ."

"ನಮಗ ಯಾಕ ಹೇಳಲಿಲ್ಲ?"

"ಹೇಳಿದ್ರ ಈಕಿ ಬರೀತಾಳ," ಅವ್ವ ನನ್ನ ಕಡೆ ಕೈ ಮಾಡಿದಳು. "ಸೊಸಿ ಸಲುವಾಗಿ ಕೀಲಿ ಹಾಕೀವಿ ಅಂತ ಕಾಗದದ ಮ್ಯಾಲ ಬೀಳತೈತಿ."

ವೈನಿ ಬಾಗಿಲಲ್ಲಿ ನಿಂತಿದ್ದರು. ಎಲ್ಲವನ್ನೂ ಕೇಳಿದ್ದರು. "ಬೀಳಲಿ ಬಿಡ್ರಿ ಅತ್ತಿ," ಅಂದರು. "ಕೀಲಿ ಇತ್ತಂತನ ಎದ್ದು ಬಂದೀನಿ."

ಅವ್ವ ಅತ್ತಳು. ತಂದೆ ಸತ್ತ ಸೊಸೆಗೆ ಅಷ್ಟು ದಿನ ಅಳದೆ ಧೈರ್ಯ ಹೇಳಿದ್ದವಳು, ಅಂದು ಚಂಚಿ ಕೆಳಗೆ ಬೀಳಿಸಿಕೊಂಡು ಅತ್ತಳು.

ಮರುದಿನ ಅಣ್ಣ ಪಕ್ಕದ ತೋಟಕ್ಕೆ ತಾನೇ ಹೋಗಿ, ಕೀಲಿ ಯಾಕೆ ಹಾಕಿದ್ದೇವೆಂದು ಹೇಳಿ ಬಂದ. ಅವರು ಬಾಟಲಿ ವಾಪಸು ಕೊಡುತ್ತ, "ನಮ್ಮದೂ ಪೆಟಿಗಿ ಮಾಡಸತೀವಿ ತಗೋ. ನಮ್ಮ ಮನ್ಯಾಗೂ ಮಂದಿ ಅದಾರ," ಅಂದರಂತೆ. ಮಾತಾಡಿಸಲು ಬಂದವರಿಗೆ ಅವ್ವ ಬಾಗಿಲಲ್ಲೇ ಹೇಳತೊಡಗಿದಳು: "ಬರ್ರಿ, ಕುಂಡರ್ರಿ, ಚಾ ಕುಡೀರಿ. ಹ್ಯಾಂಗಾತು ಅಂತ ಮಾತ್ರ ಕೇಳಬ್ಯಾಡ್ರಿ. ಆಕಿ ಅಪ್ಪ ಎಂಥಾ ಮನಷ್ಯಾ ಇದ್ದ, ಅದನ್ನ ಕೇಳ್ರಿ." ಇಬ್ಬರು ಮುನಿಸಿಕೊಂಡು ಹೋದರು. ಅವ್ವ ಆ ಲೆಕ್ಕವನ್ನು ನನಗೆ ಬರೆಯಲು ಹೇಳಿದಳು.

ಐದನೆಯ ಭೇಟಿ ಡಿಸೆಂಬರ್ ೫. ಆರನೆಯದು ೧೨. ಹಿಂದಿನ ಪುಟಗಳನ್ನು ಈಗ ವೈನಿಯೇ ಬರೆಯುತ್ತಾರೆ. ನನಗೆ ತೋರಿಸಬೇಕೆಂದಿಲ್ಲ, ಕೆಲವು ದಿನ ತೋರಿಸುತ್ತಾರೆ. ನಾನು ದಿನಕ್ಕೊಮ್ಮೆ ಸೀದಾ ಕೇಳುತ್ತೇನೆ. ಇಲ್ಲ ಅಂದ ದಿನ ಹೆಚ್ಚು. "ಸ್ವಲ್ಪ" ಅಂದ ದಿನ ಮೂರು. ಆ ಮೂರು ದಿನವೂ ಅವರೇ ನನ್ನನ್ನು ಕರೆದು ಹೇಳಿದ್ದು. ಪೆಟ್ಟಿಗೆಯ ಕೀಲಿ ಅಣ್ಣನ ಉಡದಾರಕ್ಕೆ ಕಟ್ಟಿದೆ.

ಆರನೆಯ ಭೇಟಿಯ ಕೊನೆಯಲ್ಲಿ ಮೇಡಂ, ಬೇಕಾದಾಗ ಮತ್ತೆ ಬನ್ನಿ ಎಂದು ಹೇಳಿದರು. ನಿಗದಿಯಾದ ದಿನವಿಲ್ಲದೆ ನನಗೆ ಭಯವಾಗುತ್ತದೆ. ಕಬ್ಬಿನ ಟ್ರೇಲರುಗಳು ಇನ್ನೂ ಕೆಲವು ತಿಂಗಳು ಓಡಾಡುತ್ತವೆ, ವೈನಿ ಇನ್ನೂ ಸ್ಕೂಟಿಯ ಹತ್ತಿರ ಹೋಗಿಲ್ಲ, ವರ್ಷದ ಕಾರ್ಯಕ್ಕೆ ಅದೇ ರಸ್ತೆಯಲ್ಲಿ ಹೋಗಬೇಕು. ನಿಮ್ಮ ಮನೆಯಲ್ಲಿ ಯಾರಾದರೂ ಇಂಥ ಆರು ಭೇಟಿಗಳನ್ನು ಮುಗಿಸಿದ್ದರೆ, ಆಮೇಲಿನ ವಾರಗಳು ಹೇಗೆ ಕಳೆದವು, ಮೊದಲ ವರ್ಷ ಏನು ಉಪಯೋಗಕ್ಕೆ ಬಂತು, ಏನು ಮಾಡಬಾರದಿತ್ತು ಎಂಬುದನ್ನು ದಯವಿಟ್ಟು ನನಗೆ ಬರೆದು ತಿಳಿಸಿ. ವೈನಿಯೂ ಓದುತ್ತಾರೆ. ಅವರನ್ನು ಕೇಳಿಯೇ ಇದನ್ನು ಬರೆದಿದ್ದೇನೆ.